ಪೂವಪ್ಪನಿಗೆ ಸಿಗದ ಹೋಮ್ ಸ್ಕೂಲು

ಪೂವಪ್ಪನಿಗೆ ‘ಇಲ್ಲ’ ಎನ್ನಲು ಬರುವುದಿಲ್ಲ ಎಂದು ಅವನ ನೆಂಟರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಅವನಿಗೆ ಬಾರದೇ ಇದ್ದದ್ದು ‘ಏನು?’ ಎಂದು ಕೇಳುವುದು.

ತಪ್ಪು ಅವನದಲ್ಲ, ಉದ್ಯೋಗದ್ದು. ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾದ ಮೇಲೆ ವರ್ಷಗಟ್ಟಲೆ ಕೂತ ಮನುಷ್ಯ ಅವನು. ಎಡಗಿವಿಗೆ ಗಿರಾಕಿ, ಬಲಗಿವಿಗೆ ಅಡುಗೆಮನೆ, ಇವೆರಡರ ನಡುವೆ ಹೇಗೋ ಸಿಕ್ಕಿಸಿಕೊಂಡ ಮೊಬೈಲು. ಅಂಥ ಸ್ಥಿತಿಯಲ್ಲಿ ಯಾರು ಏನು ಹೇಳಿದರೂ “ಆಯ್ತು, ಆಯ್ತು” ಎನ್ನುವುದೇ ಕ್ಷೇಮ. ಹೀಗೆ ಆಯ್ತು ಆಯ್ತು ಎಂದೇ ಅವನು ಒಮ್ಮೆ ಬೇಡದ ಒಂದು ಸೋಫಾ ಕೊಂಡಿದ್ದ, ಇನ್ನೊಮ್ಮೆ ಗುರುತಿಲ್ಲದವರ ಮದುವೆಗೆ ಹೋಗಿ ಊಟ ಮಾಡಿ ಬಂದಿದ್ದ.

ಒಂದು ಜೂನ್ ತಿಂಗಳ ಮಧ್ಯಾಹ್ನ, ಊಟದ ಗಿರಾಕಿಗಳು ಬಾಗಿಲಾಚೆಗೂ ಸಾಲು ನಿಂತಿದ್ದ ಹೊತ್ತಿಗೆ ಸರಿಯಾಗಿ, ಅವನ ಹೆಂಡತಿ ನಿಶ್ಮಿತಾ ಕುರ್ಲಾದ ಮನೆಯಿಂದ ಫೋನು ಮಾಡಿದಳು.

“ಶ್ರೇಯಾ ಇವತ್ತೂ ಹೊಟ್ಟೆನೋವು ಅಂತ ಕೂತಿದ್ದಾಳೆ. ಸ್ಕೂಲಿನ ಹೆಸರು ಹೇಳಿದ್ರೆ ಸಾಕು, ಮುಖ ಬಿಳುಚಿಕೊಳ್ತದೆ.”

“ಹೌದಾ? ಎರಡು ರವಾ, ಒಂದು ಸಾದಾ! ಹಾಂ, ಹೇಳು.”

“ನಾನು ತುಂಬ ಯೋಚನೆ ಮಾಡಿದೆ. ಅವಳನ್ನು ಅಲ್ಲಿಂದ ಬಿಡಿಸುವ. ಹೋಮ್ ಸ್ಕೂಲ್ ಮಾಡುವ.”

“ಆಯ್ತು.”

“ನಿಜವಾಗಿ ಆಯ್ತಾ? ದೊಡ್ಡ ವಿಷಯ ಇದು. ನಿಮ್ಮ ಮನಸ್ಸಿಗೆ ಬಂದ್ರೆ ಮಾತ್ರ.”

“ಆಯ್ತು ಮಾರಾಯ್ತಿ. ಸ್ಕೂಲ್ ಒಳ್ಳೇದುಂಟಲ್ಲ?”

“ಒಳ್ಳೇದು ಮಾಡುವುದು ನಮ್ಮ ಕೈಯಲ್ಲೇ ಉಂಟು.”

“ದೂರವಾ?”

ನಿಶ್ಮಿತಾ ನಕ್ಕಳು. ಎಷ್ಟೋ ದಿನಗಳ ಮೇಲೆ ಗಂಡ ತಮಾಷೆ ಮಾಡುತ್ತಿದ್ದಾನೆ ಎಂದು ಅವಳಿಗೆ ಸಮಾಧಾನವಾಯಿತು. “ಬಹಳ ಹತ್ತಿರ. ಬಸ್ಸೂ ಬೇಡ, ವ್ಯಾನೂ ಬೇಡ.”

“ಯೂನಿಫಾರ್ಮು?”

“ಅದೂ ಬೇಡ.”

“ಹಾಗಾದ್ರೆ ಭಾರಿ ಒಳ್ಳೇದಾಯ್ತು” ಎಂದು ಪೂವಪ್ಪ ಫೋನಿಟ್ಟ. ಒಂಬತ್ತು ವರ್ಷದ ಒಬ್ಬಳೇ ಮಗಳ ಬಾಳಿನ ಅತಿದೊಡ್ಡ ತೀರ್ಮಾನ ಹೀಗೆ ಎರಡು ರವಾ, ಒಂದು ಸಾದಾ ದೋಸೆಗಳ ನಡುವೆ ಮುಗಿದುಹೋಯಿತು.

ಹೋಮ್ ಸ್ಕೂಲ್ ಎಂದರೆ ಏನೆಂದು ಅವನು ಯೋಚಿಸಲೇ ಇಲ್ಲ ಎನ್ನುವ ಹಾಗಿಲ್ಲ. ಬಿಲ್ಲು ಹರಿದುಕೊಡುವ ಬಿಡುವಿನಲ್ಲಿ ಒಂದಿಷ್ಟು ಯೋಚಿಸಿದ. ಮುಂಬೈಯಲ್ಲಿ ಸತ್ತುಹೋದ ಇಂಗ್ಲಿಷ್ ದೊರೆಗಳ ಹೆಸರು ಹೊತ್ತ ಶಾಲೆಗಳಿಗೇನು ಬರವೇ? ಹೋಮ್ ಎಂಬವನೂ ಅಂಥ ಒಬ್ಬ ದೊರೆ ಇರಬೇಕು. ಪುಣ್ಯಾತ್ಮ, ಯೂನಿಫಾರ್ಮು ಕೂಡ ಬೇಡವೆಂದು ಬರೆದಿಟ್ಟು ಸತ್ತಿದ್ದಾನೆ. ಪೂವಪ್ಪ ಆ ದೊರೆಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿ, ಮುಂದಿನ ಗಿರಾಕಿಗೆ ಚಿಲ್ಲರೆ ಎಣಿಸಿದ.

ಶ್ರೇಯಾಳ ವಿಷಯ ಇಷ್ಟು. ಅವಳಿಗೆ ಬುದ್ಧಿ ಕಡಿಮೆ ಇರಲಿಲ್ಲ, ಸ್ವರ ಕಡಿಮೆ. ಹಳೆಯ ಶಾಲೆಯಲ್ಲಿ ಬೆಂಚಿಗೆ ನಾಲ್ವರಂತೆ ತುಂಬಿಸಿದ ತರಗತಿ. ಟೀಚರು ಪ್ರಶ್ನೆ ಕೇಳಿದರೆ ಶ್ರೇಯಾ ಸರಿಯಾದ ಉತ್ತರವನ್ನೇ ಹೇಳುತ್ತಿದ್ದಳು, ಆದರೆ ಅದು ಅವಳ ಪಕ್ಕದ ಹುಡುಗಿಗೆ ಮಾತ್ರ ಕೇಳುತ್ತಿತ್ತು. ಆ ಹುಡುಗಿ ಅದನ್ನೇ ಜೋರಾಗಿ ಹೇಳಿ ‘ವೆರಿ ಗುಡ್’ ಎನಿಸಿಕೊಳ್ಳುತ್ತಿದ್ದಳು. ಶ್ರೇಯಾಳಿಗೆ ‘ದಡ್ಡಿ’ ಎಂಬ ಹೆಸರು ಉಳಿಯಿತು. ಆಮೇಲೆ ಅವಳು ಉತ್ತರ ಹೇಳುವುದನ್ನೇ ಬಿಟ್ಟಳು, ಬರಬರುತ್ತಾ ಮನೆಯಲ್ಲೂ ಮಾತು ಬಿಟ್ಟಳು. ಪೂವಪ್ಪ ಹೊಟ್ಟೆನೋವಿಗೆ ಓಮದ ನೀರು ಕುಡಿಸಿ ನೋಡಿದ್ದ. ಮದುವೆಗೆ ಮುಂಚೆ ಬಿ.ಎಡ್. ಮುಗಿಸಿ ಆ ಸರ್ಟಿಫಿಕೇಟನ್ನು ಪೆಟ್ಟಿಗೆಯ ಅಡಿಗೆ ಹಾಕಿದ್ದ ನಿಶ್ಮಿತಾ ಬೇರೆ ಔಷಧ ಯೋಚಿಸಿದಳು. ಇನ್ನು ಮುಂದೆ ಮಗಳಿಗೆ ತಾನೇ ಮನೆಯಲ್ಲಿ ಪಾಠ ಹೇಳುವುದು.

ಇದು ಪೂವಪ್ಪನಿಗೆ ಹೇಗೆ ತಿಳಿಯದೇ ಹೋಯಿತು ಎಂದು ಯಾರಾದರೂ ಕೇಳಬಹುದು. ಅವನು ಮನೆ ಬಿಡುವಾಗ ಮಗಳು ಹಾಸಿಗೆಯಲ್ಲಿರುತ್ತಿದ್ದಳು, ಮನೆ ಸೇರುವಾಗಲೂ ಹಾಸಿಗೆಯಲ್ಲಿರುತ್ತಿದ್ದಳು. ಅಪ್ಪ ಮಗಳು ಎಚ್ಚರವಿದ್ದು ಒಬ್ಬರನ್ನೊಬ್ಬರು ನೋಡುವುದು ಅವನ ವಾರದ ರಜೆಯಾದ ಗುರುವಾರ ಮಾತ್ರ. ಅಪ್ಪ ಮನೆಯಲ್ಲಿರುವ ದಿನ ಮಗಳಿಗೂ ಬಿಡುವಿರಲಿ ಎಂದು ನಿಶ್ಮಿತಾ ಗುರುವಾರ ಪಾಠ ಇಡಲಿಲ್ಲ.

“ನಿನ್ನ ಹೊಸ ಸ್ಕೂಲಿಗೆ ಗುರುವಾರ ರಜೆಯಾ?” ಎಂದು ಪೂವಪ್ಪ ಬೆರಗಾದ. “ಎಂಥ ತಿಳುವಳಿಕೆಯ ಸ್ಕೂಲು! ಟೀಚರು ಹೇಗಿದ್ದಾರೆ?”

“ಒಳ್ಳೆಯವ್ರು. ಕಭೀ ಕಭೀ ಬೈತಾರೆ” ಎಂದಳು ಶ್ರೇಯಾ.

“ಹೆಸರೆಂತ?”

ಶ್ರೇಯಾ ಕಿಸಕ್ಕನೆ ನಕ್ಕಳು. ಅಪ್ಪ ಆಟ ಆಡಿಸುತ್ತಿದ್ದಾರೆ ಎಂದುಕೊಂಡಳು. “ನಿಶ್ಮಿತಾ ಮಿಸ್.”

“ಅಬ್ಬಬ್ಬ! ಅಮ್ಮನ ಹೆಸರೇ! ಹಾಗಾದ್ರೆ ನಮ್ಮ ಊರಿನ ಕಡೆಯವರೇ ಇರಬೇಕು. ಕ್ಲಾಸಲ್ಲಿ ಮಕ್ಕಳೆಷ್ಟು?”

“ನಾನು ಒಬ್ಳೇ.”

“ಒಬ್ಬಳೇ? ಹಾಗಾದ್ರೆ ಫಸ್ಟ್ ರ‍್ಯಾಂಕ್ ಯಾರು?”

“ನಾನೇ!” ಶ್ರೇಯಾ ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಮತ್ತೆ ಪಪ್ಪಾ, ಮಿಸ್ಸೇ ನೀರುದೋಸೆ ಮಾಡಿ ಕೊಡ್ತಾರೆ. ಗರಂ ಗರಂ.”

ಮಗಳು ಇಷ್ಟು ನಕ್ಕದ್ದನ್ನು, ಇಷ್ಟು ಮಾತಾಡಿದ್ದನ್ನು ಪೂವಪ್ಪ ಯಾವಾಗ ನೋಡಿದ್ದನೋ ಅವನಿಗೇ ನೆನಪಿರಲಿಲ್ಲ. ಅವನ ಎದೆ ಉಬ್ಬಿತು. ಅಡುಗೆಮನೆಯಿಂದ ಇದನ್ನೆಲ್ಲ ಕೇಳಿಸಿಕೊಂಡ ನಿಶ್ಮಿತಾಳೂ ನಕ್ಕಳು. ಒಟ್ಟಿನಲ್ಲಿ ಆ ಮನೆಯಲ್ಲಿ ಮೂವರೂ ನಗುತ್ತಿದ್ದರು, ಮೂವರೂ ಬೇರೆ ಬೇರೆ ಕಾರಣಕ್ಕೆ.

ಹೊಟ್ಟೆಯೊಳಗೆ ಇಷ್ಟು ಸಂತೋಷ ಇಟ್ಟುಕೊಂಡು ಸುಮ್ಮನಿರುವುದು ಯಾರಿಗೂ ಕಷ್ಟ. ಮಾಟುಂಗದ ಕನ್ನಡ ಸಂಘದ ವಾರ್ಷಿಕೋತ್ಸವದ ಸಂಜೆ ಪೂವಪ್ಪನಿಗೆ ಅದು ತಡೆಯಲಾಗದೆ ಹೊರಗೆ ಬಂತು.

ಅದಕ್ಕೆ ಕಾರಣ ಅವನ ದೊಡ್ಡಮ್ಮನ ಮಗ ಕಿಶೋರ. ಅಂಧೇರಿಯಲ್ಲಿ ಸಿನಿಮಾ ಶೂಟಿಂಗಿನವರಿಗೆ ಊಟ ಒದಗಿಸುವ ಕಿಶೋರ, ಶೂಟಿಂಗಿನಲ್ಲಿ ಯಾರು ಎಷ್ಟು ಇಡ್ಲಿ ತಿಂದರೆಂಬುದನ್ನೇ ತನ್ನ ಸಾಧನೆಯೆಂಬಂತೆ ಹೇಳುವವನು. ಅವನ ಮಗ ಸೃಜನ್ ಓದುವುದು ಒಂದು ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ.

“ಸ್ಕೂಲಲ್ಲೇ ಸ್ವಿಮ್ಮಿಂಗ್ ಪೂಲ್ ಉಂಟು ಪೂವಣ್ಣ” ಎಂದ ಕಿಶೋರ, ಸಂಘದ ಉಪ್ಪಿಟ್ಟು ತಿನ್ನುತ್ತಾ. “ಕುದುರೆ ಉಂಟು. ಎರಡು ಕ್ಲಾಸಿಗೆ ಒಂದು ಕುದುರೆ. ನಿನ್ನ ಮಗಳು ಈಗಲೂ ಅದೇ ಹಳೆ ಸ್ಕೂಲಾ?”

ಪೂವಪ್ಪ ಪ್ಲೇಟು ಕೆಳಗಿಟ್ಟ. “ಇಲ್ಲ. ಬಿಡಿಸಿದೆವು. ಈಗ ಹೋಮ್ ಸ್ಕೂಲ್.”

“ಹೋಮ್ ಸ್ಕೂಲಾ?” ಕಿಶೋರ ಆ ಮಾತನ್ನು ಎಲ್ಲೋ ಕೇಳಿದ್ದ, ಆದರೆ ಏನೆಂದು ಕೇಳಿದರೆ ತನ್ನ ಮರ್ಯಾದೆ ಹೋಗುವುದೆಂದು ತಲೆಯಾಡಿಸಿದ. “ಹಾಂ, ಹಾಂ, ದೊಡ್ಡ ಸ್ಕೂಲಲ್ವಾ?”

“ದೊಡ್ಡದು ಅಂದ್ರೆ? ಒಬ್ಬ ಟೀಚರಿಗೆ ಒಂದೇ ಮಗು. ನಿನ್ನ ಹಾಗೆ ಎರಡು ಕ್ಲಾಸಿಗೆ ಒಂದು ಕುದುರೆ ಅಲ್ಲ. ಟೀಚರೇ ನೀರುದೋಸೆ ಹೊಯ್ದು ಕೊಡ್ತಾರೆ. ನಮ್ಮ ಊರಿನವರೇ, ನಿಶ್ಮಿತಾ ಮಿಸ್ ಅಂತ.”

“ನಿಶ್ಮಿತಾ ಅತ್ತಿಗೆಯ ಹೆಸರಲ್ವಾ ಅದು?”

“ಅದೇ ಹೇಳಿದ್ದು ನಾನು! ಒಂದೇ ಹೆಸರು! ಮಗಳು ಫಸ್ಟ್ ರ‍್ಯಾಂಕ್ ಬೇರೆ.”

ಕಿಶೋರ ಬಾಯಿಗೆ ಒಯ್ದ ಉಪ್ಪಿಟ್ಟನ್ನು ಮತ್ತೆ ಪ್ಲೇಟಿಗೆ ಹಾಕಿದ. ಸೃಜನ್ ಈವರೆಗೆ ಕುದುರೆಯ ಮೇಲಿಂದ ಬಿದ್ದು ಮೊದಲಿಗನಾದದ್ದು ಬಿಟ್ಟರೆ ಬೇರೆ ಯಾವುದರಲ್ಲೂ ಮೊದಲಿಗನಾಗಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಕಿಶೋರನ ತಾಯಿ ಅಪ್ಪಿ ದೊಡ್ಡಮ್ಮ ಮಾತ್ರ ಕೈಜೋಡಿಸಿ ಹಣೆಗೆ ಒತ್ತಿಕೊಂಡಳು. ದೊಡ್ಡಮ್ಮನ ಒಂದು ಕಿವಿ ಮಂದ, ಇನ್ನೊಂದು ಕಿವಿ ಭಕ್ತಿಗೆ ಮೀಸಲು.

“ಹೋಮದ ಸ್ಕೂಲಾ ಪೂವಾ? ಒಳ್ಳೇದಾಯ್ತು ಮಗಾ. ಈ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಹೋಮ ಕಲಿಸುವವರು ಯಾರಿದ್ದಾರೆ? ನಮ್ಮ ಅಂಧೇರಿಯ ಮನೆಗೆ ಒಂದು ಗಣಹೋಮ ಆಗಬೇಕು ಅಂತ ಎಷ್ಟು ದಿನದಿಂದ ಉಂಟು. ಮಗುವೇ ಬಂದು ಮಾಡಲಿ.”

“ಆಯ್ತು, ಆಯ್ತು” ಎಂದ ಪೂವಪ್ಪ. ವೇದಿಕೆಯ ಮೇಲೆ ಚಂಡೆ ಬಾರಿಸುತ್ತಿದ್ದರು, ಅವನಿಗೆ ‘ಅಂಧೇರಿ’ ಎಂಬುದೊಂದು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ.

ಮರುದಿನದಿಂದ ಕಿಶೋರನ ಫೋನು ಶುರುವಾಯಿತು. ಸೃಜನ್‌ಗೂ ಅಲ್ಲೇ ಸೀಟು ಬೇಕು. ಪೂವಣ್ಣನ ಮಾತು ನಡೆಯುತ್ತದಲ್ಲ? ಪೂವಪ್ಪನಿಗೆ ಹುಟ್ಟಿದಂದಿನಿಂದ ಎಲ್ಲೂ ಮಾತು ನಡೆದಿರಲಿಲ್ಲ. ನಡೆಯಬಹುದೆಂದು ಇನ್ನೊಬ್ಬ ನಂಬಿದ್ದೇ ಅವನಿಗೆ ಸಾಕಾಯಿತು. “ನಾನು ಹೇಳ್ತೇನೆ, ಆಗ್ತದೆ” ಎಂದುಬಿಟ್ಟ. ಆಮೇಲೆ ನಿಶ್ಮಿತಾಳನ್ನು ಕೇಳಿದ.

“ಕಿಶೋರ ತನ್ನ ಮಗನಿಗೂ ಹೋಮ್ ಸ್ಕೂಲ್ ಮಾಡಿಸ್ತಾನಂತೆ. ಒಮ್ಮೆ ಬಂದು ನೋಡಬಹುದಾ ಅಂತ ಕೇಳ್ತಾನೆ.”

“ಕಿಶೋರನಾ? ಆಶ್ಚರ್ಯ!” ಎಂದಳು ನಿಶ್ಮಿತಾ. ನೆಂಟರಲ್ಲಿ ಒಬ್ಬನಾದರೂ ತನ್ನನ್ನು ಹುಚ್ಚಿ ಎನ್ನದೆ ಕಲಿಯಲು ಬರುತ್ತಿದ್ದಾನೆ ಎಂದು ಅವಳಿಗೆ ಬಹಳ ಹಿತವೆನಿಸಿತು. “ಬರಲಿ. ಶನಿವಾರ ಬೆಳಿಗ್ಗೆ ಮನೆಗೇ ಬರಲಿ, ನೋಡಲಿ.”

ಮನೆಗೆ ಬಂದು, ಕಾಫಿ ಕುಡಿದು, ಅಲ್ಲಿಂದ ಶಾಲೆಗೆ ಹೋಗುವುದು ಎಂದು ಪೂವಪ್ಪ ಅರ್ಥಮಾಡಿಕೊಂಡ. ಹೋಟೆಲಿನ ಯಜಮಾನ ಕೊರಗಪ್ಪಣ್ಣನ ಹತ್ತಿರ ಅರ್ಧ ದಿನದ ರಜೆ ಕೇಳಿ, ಒಗೆದ ಷರ್ಟು ಹಾಕಿ, ಲೋಕಲ್ ರೈಲು ಹಿಡಿದು ಕುರ್ಲಾದಲ್ಲಿ ಇಳಿದ.

ಬಿಲ್ಡಿಂಗಿನ ಗೇಟಿನಲ್ಲಿ ಕಿಶೋರನ ಕಾರು ಆಗಲೇ ನಿಂತಿತ್ತು. ಕಿಶೋರ ಕೋಟು ಹಾಕಿಕೊಂಡು ಬಂದಿದ್ದ. ಅಪ್ಪಿ ದೊಡ್ಡಮ್ಮ ರೇಷ್ಮೆ ಸೀರೆಯುಟ್ಟು, ತಟ್ಟೆಯಲ್ಲಿ ತೆಂಗಿನಕಾಯಿ, ತುಪ್ಪದ ಬಾಟಲಿ, ಒಂದು ಕಟ್ಟು ಗರಿಕೆ ಹಿಡಿದಿದ್ದಳು. ಶಾಲೆಗೆ ತೆಂಗಿನಕಾಯಿ ಯಾಕೆಂದು ಪೂವಪ್ಪನಿಗೆ ಅನಿಸಿತು. ಆದರೆ ಕೇಳಲಿಲ್ಲ. ಕೇಳುವುದು ಅವನ ಜಾಯಮಾನವಲ್ಲವೆಂದು ಆಗಲೇ ಹೇಳಿದ್ದೇನಷ್ಟೆ.

ಅಷ್ಟರಲ್ಲಿ ಮೆಟ್ಟಿಲ ಬುಡದಿಂದ ಬಸವಂತರಾಯರು ಎದ್ದು ಬಂದರು. ಬಸವಂತರಾಯರು ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ, ಕಲಬುರಗಿ ಕಡೆಯವರು, ರೈಲ್ವೆಯಲ್ಲಿ ದುಡಿದು ರಿಟೈರಾದವರು. ಪೂವಪ್ಪನ ಮನೆಯ ಕೆಳಗಿನ ಮನೆ ಅವರದು. ರೈಲು ನಿಂತ ಮೇಲೂ ಹಸಿರು ಬಾವುಟ ಹಿಡಿದ ಹಾಗೆ ಅವರ ಕೈ ಯಾವಾಗಲೂ ಅರ್ಧ ಮೇಲಿರುತ್ತಿತ್ತು.

“ಪೂವಪ್ಪನವರ, ಛಲೋ ಸಿಕ್ರಿ. ನಿಮಗ ಭಾಳ ದಿವಸದಿಂದ ಕೇಳಬೇಕಂತ ಮಾಡೀನಿ. ನೀವು ಮನ್ಯಾಗ ಸಾಲಿ ಇಟ್ಟೀರಂತಲ್ಲ?”

ಪೂವಪ್ಪ ನಿಂತಲ್ಲೇ ನಿಂತ. ಮುಂಬೈಯ ಹಿಂದಿಯಲ್ಲಿ ಸಾಲಿ ಎಂದರೆ ಹೆಂಡತಿಯ ತಂಗಿ. ಅವನಿಗೆ ಗೊತ್ತಿದ್ದದ್ದು ಆ ಸಾಲಿ ಒಂದೇ.

“ಸಾಲಿಯಾ? ಎಂತ ಮಾತಾಡ್ತೀರಿ ಮಾರಾಯ್ರೆ! ನನಗೆ ಸಾಲಿಯೇ ಇಲ್ಲ. ನನ್ನ ಹೆಂಡತಿ ಮೂವರು ಅಣ್ಣಂದಿರಿಗೆ ಒಬ್ಬಳೇ ತಂಗಿ.”

“ಅದೆಲ್ಲ ನನಗ್ಯಾಕ್ರಿ? ನಾ ಕಿವಿಯಾರೆ ಕೇಳೀನಿ. ದಿನಾ ಮುಂಜಾನಿ ನೀವು ಆ ಕಡಿ ಹೋದ್ರ ಈ ಕಡಿ ಸಾಲಿ ಚಾಲೂ ಆಗ್ತದ. ಗದ್ಲಂದ್ರ ಗದ್ಲ. ಗುರುವಾರ ನೀವು ಮನ್ಯಾಗಿರ್ತೀರಿ, ಅವತ್ತು ಸಾಲಿ ಇಲ್ಲ, ಏನಿಲ್ಲ, ಗಪ್‌ಚಿಪ್!”

ಇದನ್ನು ಅಪ್ಪಿ ದೊಡ್ಡಮ್ಮನ ಒಳ್ಳೆಯ ಕಿವಿ ಪೂರ್ತಿಯಾಗಿ ಕೇಳಿಸಿಕೊಂಡಿತು. ಅವಳು ತಟ್ಟೆಯನ್ನು ಕಿಶೋರನ ಕೈಗೆ ದಾಟಿಸಿದಳು.

“ಪೂವಾ, ನಿನಗೆ ಗೊತ್ತಿಲ್ಲದ ಹಾಗೆ ನಿನ್ನ ಮನೆಯಲ್ಲಿ ಒಂದು ಹೆಂಗಸು ಉಂಟಾ?”

“ನನಗೆ ಹೇಗೆ ಗೊತ್ತು ದೊಡ್ಡಮ್ಮ? ಗೊತ್ತಿಲ್ಲದ ಹಾಗೆ ಅಂತಲ್ವಾ ಅವರು ಹೇಳುವುದು!”

“ಬಿಲ್ಡಿಂಗಿನ ಮಂದಿ ಎಲ್ಲಾ ಮಾತಾಡ್ಲಿಕತ್ತಾರ” ಎಂದರು ಬಸವಂತರಾಯರು. “ಮನ್ಯಾಗ ಸಾಲಿ ನಡಸೂದು ಸೊಸೈಟಿ ರೂಲಿಗೆ ಬರೂದಿಲ್ಲ. ಇವತ್ತ ನಾನೂ ನಿಮ್ಮ ಸಂಗಾಟ ಬಂದು ಕಣ್ಣಾರೆ ನೋಡಾವ.”

ಹೀಗೆ ನಾಲ್ವರು ಮೆಟ್ಟಿಲು ಹತ್ತಿದರು. ಕಿಶೋರ ಒಂದು ಮಹಾ ಶಾಲೆಯ ಸೀಟಿಗಾಗಿ ಹತ್ತಿದ. ದೊಡ್ಡಮ್ಮ ಅರ್ಧ ಗಣಹೋಮಕ್ಕೆ, ಅರ್ಧ ಆ ಹೆಂಗಸಿನ ಜುಟ್ಟು ಹಿಡಿಯುವುದಕ್ಕೆ ಹತ್ತಿದಳು. ಬಸವಂತರಾಯರು ಸೊಸೈಟಿಯ ಮಾನಕ್ಕಾಗಿ ಹತ್ತಿದರು. ಪೂವಪ್ಪ ತನ್ನ ಮನೆಗೆ ತಾನು ಯಾಕೆ ಹತ್ತುತ್ತಿದ್ದೇನೆಂದು ತಿಳಿಯದೆ ಎಲ್ಲರಿಗಿಂತ ಹಿಂದೆ ಹತ್ತಿದ.

ಬಾಗಿಲು ಮುಚ್ಚಿತ್ತು. ಒಳಗಿನಿಂದ ಖಡಕ್ಕಾದ ಹೆಣ್ಣು ದನಿ ಕೇಳಿಸಿತು. “ಇನ್ನೂ ಜೋರಾಗಿ ಹೇಳು! ನನಗೆ ಕೇಳಿಸಬೇಕು!”

“ಇದಾ, ಇದೇ ಸಾಲಿ!” ಎಂದರು ಬಸವಂತರಾಯರು, ಗೆದ್ದವರ ಹಾಗೆ.

“ಅಯ್ಯೋ, ಮಗುವಿಗೆ ಬೈತಾಳೆ ನೋಡು!” ಎಂದು ದೊಡ್ಡಮ್ಮ ಬಾಗಿಲು ಗುದ್ದಿದಳು.

ಬಾಗಿಲು ತೆರೆದವಳು ಶ್ರೇಯಾ. “ಕ್ಲಾಸ್ ಚಾಲೂ ಇದೆ, ಚಪ್ಪಲ್ ಹೊರಗೆ” ಎಂದು ಒಳಗೆ ಓಡಿದಳು.

ಪೂವಪ್ಪ ನೆಟ್ಟಗೆ ಒಳಗೆ ನುಗ್ಗಿದ. ಪರದೆಯ ಹಿಂದೆ ನೋಡಿದ. ಬಚ್ಚಲುಮನೆ ನೋಡಿದ. ಕಪಾಟಿನ ಬಾಗಿಲು ತೆರೆದು, ತನ್ನ ಷರ್ಟುಗಳನ್ನು ಸರಿಸಿ ನೋಡಿದ. ಹಾಲಿನ ನೆಲದ ಮೇಲೆ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೋಂಬತ್ತಿ ಹಚ್ಚಿ ಕೂತಿದ್ದ ನಿಶ್ಮಿತಾ ಎದ್ದುನಿಂತಳು.

“ಯಾರನ್ನು ಹುಡುಕುವುದು ನೀವು?”

“ಸಾಲಿಯನ್ನು!”

“ಯಾವ ಸಾಲಿ?”

“ನನಗೂ ಅದೇ ಗೊತ್ತಿಲ್ಲ. ನಿನಗೆ ಗೊತ್ತುಂಟಾ?”

ಬಸವಂತರಾಯರು ಹಣೆ ಚಚ್ಚಿಕೊಂಡರು. “ಏ, ಏನ್ ಹುಡುಕ್ತೀರ್ರಿ ಕಪಾಟಿನ್ಯಾಗ! ಸಾಲಿ ಅಂದ್ರ ಶಾಲೆರೀ, ಶಾಲೆ! ಸ್ಕೂಲ್! ನಿಮ್ಮ ಹೆಂಡ್ತಿ ಇಲ್ಲಿ ಸ್ಕೂಲ್ ತೆಗದಾರಂತ ನಾ ಕನ್ನಡದಾಗ ಹೇಳಾಕತ್ತೀನಿ!”

ಅಪ್ಪಿ ದೊಡ್ಡಮ್ಮನಿಗೆ ಇದು ಯಾವುದೂ ಬೇಕಿರಲಿಲ್ಲ. ಅವಳು ಮೋಂಬತ್ತಿಯ ಬೆಂಕಿ ಕಂಡದ್ದೇ ತಡ, “ಹೋಮ ಶುರುವಾಗಿದೆ” ಎಂದು ಸೆರಗು ಹೊದ್ದು ಕೈಮುಗಿದು ನೆಲದ ಮೇಲೆ ಕೂತುಬಿಟ್ಟಳು.

ಕಿಶೋರ ಮನೆಯನ್ನು ಒಮ್ಮೆ ಸುತ್ತ ನೋಡಿದ. ಈಜುಕೊಳವಿರಲಿಲ್ಲ. ಕುದುರೆಯೂ ಇರಲಿಲ್ಲ. ಗೋಡೆಯ ಮೇಲೆ ಬಣ್ಣದ ಕಾಗದದ ಮಗ್ಗಿ, ಕಿಟಕಿಯಲ್ಲಿ ಮೊಳಕೆ ಬಂದ ಹೆಸರುಕಾಳು.

“ಅತ್ತಿಗೆ, ಹೋಮ್ ಸ್ಕೂಲಿಗೆ ಯಾವಾಗ ಹೊರಡುವುದು?”

“ಹೊರಡುವುದು ಎಲ್ಲಿಗೆ? ಇದೇ ಹೋಮ್ ಸ್ಕೂಲ್.”

“ಮತ್ತೆ ಆ ಟೀಚರು?”

“ನಾನೇ.”

ಆಗ ಪೂವಪ್ಪ ಕಪಾಟಿನಿಂದ ತಲೆ ಹೊರಗೆ ತೆಗೆದ. ಅವನ ಮುಖ ಲೋಕಲ್ಲಿನಿಂದ ತಪ್ಪು ಸ್ಟೇಷನ್ನಿನಲ್ಲಿ ಇಳಿದವನ ಮುಖದ ಹಾಗಿತ್ತು.

“ನಿಶ್ಮಿತಾ ಮಿಸ್... ನೀನಾ?”

“ಮತ್ತೆ ಯಾರು?”

“ನೀರುದೋಸೆ?”

“ನಾನೇ. ಆ ದೋಸೆ ನೀವೂ ತಿಂದಿದ್ದೀರಲ್ಲ.” ಹೀಗೆನ್ನುತ್ತಾ ನಿಶ್ಮಿತಾ ಅವನ ಮುಖ ನೋಡಿದಳು. ನೋಡನೋಡುತ್ತಾ ಅವಳ ನಗು ಇಳಿಯಿತು. “ನಿಮಗೆ ಇಷ್ಟು ದಿನ ಗೊತ್ತೇ ಇರಲಿಲ್ವಾ? ನಾನು ನಿಮ್ಮನ್ನು ಕೇಳಿಯೇ ಮಾಡಿದ್ದು.”

“ನೀನು ಕೇಳಿದ್ದು ಹೌದು. ನಾನು ಆಯ್ತು ಅಂದದ್ದೂ ಹೌದು.” ಪೂವಪ್ಪ ತಡವರಿಸಿದ. “ಏನು ಕೇಳಿದ್ದು ಅಂತ ಮಾತ್ರ ಗೊತ್ತಿರಲಿಲ್ಲ.”

ನಿಶ್ಮಿತಾ ಮೆಲ್ಲಗೆ ಕುರ್ಚಿಯಲ್ಲಿ ಕೂತಳು. ಇಬ್ಬರೂ ಸೇರಿ ತೆಗೆದುಕೊಂಡ ತೀರ್ಮಾನವೆಂಬ ಧೈರ್ಯದಿಂದ ಅವಳು ಅಷ್ಟು ದಿನ ನಡೆದಿದ್ದಳು. ನೆಂಟರ ಕೊಂಕನ್ನೂ ನೆರೆಯವರ ನೋಟವನ್ನೂ ಆ ಧೈರ್ಯದಿಂದಲೇ ನುಂಗಿದ್ದಳು. ಈಗ ನೋಡಿದರೆ ಅವಳು ನಡೆದದ್ದು ಒಬ್ಬಳೇ.

ಯಜಮಾನಿ ಸುಮ್ಮನಾದ ಮನೆಯಲ್ಲಿ ಉಳಿದವರೆಲ್ಲ ಯಜಮಾನರಾದರು. ಮನೆಯಲ್ಲಿ ಸಾಲಿ ಇವತ್ತೇ ಬಂದ್ ಆಗಬೇಕೆಂದು ಬಸವಂತರಾಯರು ಕೈ ಮೇಲೆತ್ತಿದರು. ಮಾಟುಂಗದಲ್ಲಿ ಎಲ್ಲರಿಗೂ ಹೇಳಿಯಾಗಿದೆ, ಈಗ ತನ್ನ ಮುಖವನ್ನು ಎಲ್ಲಿಡುವುದು ಎಂದ ಕಿಶೋರ. ಹೋಮವೂ ಇಲ್ಲ, ಸ್ಕೂಲೂ ಇಲ್ಲವೆಂದು ಅಷ್ಟರಲ್ಲಿ ತಿಳಿದುಕೊಂಡ ದೊಡ್ಡಮ್ಮ, “ಮಗುವನ್ನು ನಾಳೆಯೇ ಹಳೆ ಸ್ಕೂಲಿಗೆ ಹಾಕಿ! ಮನೆಯಲ್ಲಿ ಕೂತರೆ ಮೂಗಿಯಾಗ್ತದೆ!” ಎಂದು ಕೂಗಿದಳು. ಬಂದಾಗಬೇಕು, ಹಾಕಬೇಕು, ರೂಲು, ಮರ್ಯಾದೆ ಎಂದು ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು. ಪೂವಪ್ಪ ಒಬ್ಬೊಬ್ಬರ ಕಡೆಗೂ ತಿರುಗಿ ಅಭ್ಯಾಸಬಲದಿಂದ “ಆಯ್ತು, ಆಯ್ತು” ಎನ್ನುತ್ತಿದ್ದ.

“ಸೈಲೆನ್ಸ್!”

ಸ್ಟೀಲ್ ಲೋಟಕ್ಕೆ ಚಮಚದಿಂದ ಬಾರಿಸಿದ ಸದ್ದು, ಅದರ ಮೇಲೆ ಆ ಕೂಗು. ಎಲ್ಲರೂ ನಿಶ್ಮಿತಾಳ ಕಡೆ ನೋಡಿದರು. ಕೂಗಿದ್ದು ಅವಳಲ್ಲ. ತಟ್ಟೆಯ ಪಕ್ಕದಲ್ಲಿ ನಿಂತ ಶ್ರೇಯಾ. ಅವಳ ಮುಖ ಕೆಂಪಾಗಿತ್ತು, ಕಿವಿ ಅದಕ್ಕಿಂತ ಕೆಂಪಾಗಿತ್ತು.

“ಕ್ಲಾಸಲ್ಲಿ ಎಲ್ರೂ ಒಟ್ಟಿಗೆ ಮಾತಾಡ್ಬಾರ್ದು. ಬೈಠೋ. ಕೂತ್ಕೊಳ್ಳಿ!”

ಕಿಶೋರ ಕೋಟು ಮುದುಡಿಕೊಂಡು ನೆಲದ ಮೇಲೆ ಕೂತ. ಬಸವಂತರಾಯರು ಮೊಣಕಾಲು ಹಿಡಿದು, “ಶಿವಾ” ಎಂದು ಕೂತರು. ಪೂವಪ್ಪ ಇಬ್ಬರ ನಡುವೆ ಸಿಕ್ಕ ಜಾಗದಲ್ಲಿ ಕೂತ.

“ಈಗ ನೋಡಿ” ಎಂದು ಶ್ರೇಯಾ ಗಾಜಿನ ಲೋಟವನ್ನು ಉರಿಯುವ ಮೋಂಬತ್ತಿಯ ಮೇಲೆ ಬೋರಲು ಹಾಕಿದಳು. ಬತ್ತಿ ಕುಗ್ಗಿ ಆರಿತು. ತಟ್ಟೆಯ ನೀರು ಗುಳುಗುಳು ಎಂದು ಲೋಟದೊಳಕ್ಕೆ ಏರಿತು. ಅಪ್ಪಿ ದೊಡ್ಡಮ್ಮ “ನಾರಾಯಣ!” ಎಂದಳು.

“ಪಾನಿ ಒಳಗೆ ಯಾಕೆ ಹೋಯ್ತು? ಪಪ್ಪಾ, ನೀವು ಹೇಳಿ.”

“ಗೊತ್ತಿಲ್ಲ ಮಿಸ್” ಎಂದ ಪೂವಪ್ಪ.

ಬಸವಂತರಾಯರು ಕೈಯೆತ್ತಿದರು. ಈ ಸಲ ಅದಕ್ಕೊಂದು ಕಾರಣವಿತ್ತು. “ಸೆಕೀಗಿ ರೀ. ಮೋಂಬತ್ತಿಗಿ ಬಾಯಾರಿತ್ತು, ನೀರು ಕುಡೀತು.”

“ತಪ್ಪು” ಎಂದಳು ಶ್ರೇಯಾ. ತಪ್ಪೆಂದ ಮೇಲೆ ಅವರ ಮುಖ ಬಾಡಿದ್ದನ್ನು ಕಂಡು, ಅಮ್ಮ ತನಗೆ ಹೇಳುವ ಹಾಗೆಯೇ, “ಪರವಾಗಿಲ್ಲ ಅಂಕಲ್, ಟ್ರೈ ಮಾಡಿದ್ರಲ್ಲ” ಎಂದಳು. “ಒಳಗಿನ ಹವಾ ಗರಂ ಇತ್ತು. ಬತ್ತಿ ಆರಿದ ಮೇಲೆ ಠಂಡಾ ಆಯ್ತು. ಠಂಡಾ ಆದ್ರೆ ಚಿಕ್ಕದಾಗ್ತದೆ. ಆಗ ಹೊರಗಿನ ಹವಾ ಪಾನಿಯನ್ನು ಒಳಗೆ ದೂಡ್ತದೆ.”

ಇದನ್ನು ಅವಳು ಎಷ್ಟು ಜೋರಾಗಿ ಹೇಳಿದಳೆಂದರೆ ಎದುರುಮನೆಯ ಬಾಗಿಲು ತೆರೆದ ಸದ್ದಾಯಿತು. ಮಂದಕಿವಿಯ ದೊಡ್ಡಮ್ಮನಿಗೂ ಪ್ರತಿಯೊಂದು ಮಾತು ಕೇಳಿಸಿತು. ನಿಶ್ಮಿತಾ ಕುರ್ಚಿಯಲ್ಲಿ ಕೂತೇ ಸೆರಗಿನಿಂದ ಕಣ್ಣೊರಸಿಕೊಂಡಳು. ಪೂವಪ್ಪ ಮಗಳನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ನೀರು ಯಾಕೆ ಏರಿತೆಂಬುದು ಅವನಿಗೆ ಆಗಲೂ ಪೂರ್ತಿ ತಿಳಿದಿರಲಿಲ್ಲ. ಹಳೆಯ ಶಾಲೆಗೆ ಇವಳನ್ನು ಕಳಿಸುವುದಿಲ್ಲವೆಂಬುದು ಮಾತ್ರ ತಿಳಿದಿತ್ತು.

“ದೊಡ್ಡಮ್ಮ” ಎಂದ. “ನಾಳೆ ಹಳೆ ಸ್ಕೂಲಿಗೆ ಹಾಕುವುದಿಲ್ಲ. ನಾಡಿದ್ದೂ ಹಾಕುವುದಿಲ್ಲ.” ಅವನ ಬಾಯಲ್ಲಿ ಅಷ್ಟು ಸ್ಪಷ್ಟವಾದ ಮಾತನ್ನು ಯಾರೂ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

“ಮಕ್ಕಳು ಎಷ್ಟು ಮಂದಿ ಬರ್ತಾರ್ರೀ ಇಲ್ಲಿ?” ಎಂದು ಬಸವಂತರಾಯರು ನಿಶ್ಮಿತಾಳನ್ನು ಕೇಳಿದರು.

“ಬರುವುದು ಯಾರೂ ಇಲ್ಲ. ಇರುವವಳು ಇವಳೊಬ್ಬಳೇ.”

ಬಸವಂತರಾಯರು ಅರ್ಧ ಮೇಲಿದ್ದ ಕೈ ಇಳಿಸಿದರು. “ತಾಯಿ ಮಗಳಿಗಿ ಮನ್ಯಾಗ ಕಲಿಸಿದ್ರ ಅದಕ್ಕ ಸೊಸೈಟಿ ರೂಲ್ ಏನೂ ಇಲ್ಲ ಬಿಡ್ರಿ. ಖರೆ ಹನ್ನೆರಡರ ಮಗ್ಗಿ ಮಾತ್ರ ನಂದು ಮಧ್ಯಾಹ್ನದ ನಿದ್ದಿ ಆದ ಮ್ಯಾಲ ಹೇಳಸ್ರಿ.” ಮೇಲೇಳಲು ಅವರಿಗೆ ಕಿಶೋರ ಕೈ ಕೊಡಬೇಕಾಯಿತು.

ಎಲ್ಲರೂ ಹೋದ ಮೇಲೆ ನಿಶ್ಮಿತಾ ತಟ್ಟೆಯ ನೀರು ಚೆಲ್ಲಿ, ನೆಲ ಒರೆಸಿದಳು. ಪೂವಪ್ಪ ಅಡುಗೆಮನೆಗೂ ಹಾಲಿಗೂ ನಡುವೆ ಗಡಿಯಾರದ ಲೋಲಕದ ಹಾಗೆ ತಿರುಗಿದ.

“ನಿಶ್ಮೀ, ಬೈದುಬಿಡು.”

“ಬೈದ್ರೆ ನಿಮಗೆ ಕೇಳ್ತದಾ?”

ಅಷ್ಟರಲ್ಲಿ ಅವನ ಮೊಬೈಲು ರಿಂಗಾಯಿತು, ಹೋಟೆಲಿನಿಂದ. ಅವನು ಅದನ್ನು ಆಫ್ ಮಾಡಿ ಅಕ್ಕಿಯ ಡಬ್ಬಿಯೊಳಗೆ ಇಟ್ಟ. ಅಕ್ಕಿಯ ಡಬ್ಬಿಯೇ ಯಾಕೆಂದು ಅವನಿಗೆ ತಿಳಿಯದು, ಹತ್ತಿರವಿತ್ತು. ನಿಶ್ಮಿತಾಳಿಗೆ ನಗು ಬಂತು, ಅದನ್ನು ತಡೆದುಕೊಂಡು ಎದುರು ಕುರ್ಚಿ ತೋರಿಸಿದಳು.

“ಕೂತ್ಕೊಳ್ಳಿ. ಇನ್ನೊಮ್ಮೆ ಕೇಳ್ತೇನೆ. ಶ್ರೇಯಾಗೆ ಮನೆಯಲ್ಲೇ ಪಾಠ ಮಾಡುವನಾ?”

ಈ ಸಲ ಪೂವಪ್ಪ ಆಯ್ತು ಎನ್ನಲಿಲ್ಲ. ಪರೀಕ್ಷೆ ಹೇಗೆ ಎಂದು ಕೇಳಿದ. ಮುಂದೆ ಓಪನ್ ಸ್ಕೂಲಿನಲ್ಲಿ ಪರೀಕ್ಷೆಗೆ ಕಟ್ಟಿಸಬಹುದು ಎಂದಳು.

“ಓಪನ್ ಅಂದ್ರೆ ಬಯಲಲ್ವಾ? ಮಳೆ ಬಂದ್ರೆ?”

ನಿಶ್ಮಿತಾ ಅವನನ್ನೇ ನೋಡಿದಳು. ಆಮೇಲೆ ತಾಳ್ಮೆಯಿಂದ, ಓಪನ್ ಸ್ಕೂಲ್ ಎಂದರೆ ಮನೆಯಲ್ಲೇ ಓದಿ ಪರೀಕ್ಷೆ ಮಾತ್ರ ಬರೆಯುವುದೆಂದು ಹೇಳಿಕೊಟ್ಟಳು. ಮಗಳಿಗೆ ಆಟಕ್ಕೆ ಜೊತೆ ಯಾರು ಎಂದು ಅವನು ಕೇಳಿದ. ನಿನಗೆ ಸುಸ್ತಾಗುವುದಿಲ್ಲವೇ ಎಂದು ಕೇಳಿದ. ಆ ಪ್ರಶ್ನೆಗೆ ನಿಶ್ಮಿತಾ, “ಆಗ್ತದೆ. ಗುರುವಾರ ನೀವು ತೆಗೆದುಕೊಳ್ಳಿ” ಎಂದಳು.

“ನಾನಾ? ನನಗೆ ಎಂತ ಪಾಠ ಬರ್ತದೆ?”

“ಪಾಠ ಹೇಳ್ಲಿಕ್ಕಲ್ಲ. ಕೂತು ಅವಳು ಹೇಳಿದ್ದು ಕೇಳ್ಲಿಕ್ಕೆ.”

“ಆಯ್ತು” ಎಂದ ಪೂವಪ್ಪ. ಏನಕ್ಕೆ ಆಯ್ತು ಎಂದೆನೆಂದು ಈ ಸಲ ಅವನಿಗೆ ಪೂರ್ತಿ ಗೊತ್ತಿತ್ತು.

ಇತ್ತ ಕಿಶೋರ ಸುಮ್ಮನಿರುವವನೇ? ತಾನು ಮೋಸಹೋದೆ ಎಂದು ಹೇಳಿಕೊಂಡರೆ ಮರ್ಯಾದೆ ಉಳಿಯದು. ಅವನು ಮಾಟುಂಗದಲ್ಲಿ ಬೇರೆಯೇ ಸುದ್ದಿ ಹಬ್ಬಿಸಿದ. ಹೋಮ್ ಸ್ಕೂಲ್ ಭಾರಿ ಕಟ್ಟುನಿಟ್ಟು, ಅಲ್ಲಿ ಅಪ್ಪಂದಿರಿಗೂ ಇಂಟರ್‌ವ್ಯೂ, ಕೋಟು ಹಾಕಿ ಹೋದವರನ್ನೂ ನೆಲದ ಮೇಲೆ ಕೂರಿಸುತ್ತಾರೆ, ಸೀಟಂತೂ ಯಾರಿಗೂ ಸಿಗುವುದಿಲ್ಲ. ಇದರಲ್ಲಿ ಒಂದೂ ಸುಳ್ಳಲ್ಲವೆಂಬುದೇ ವಿಶೇಷ.

ಮುಂದಿನ ತಿಂಗಳು ಸಂಘದ ಸಭಾಂಗಣದಲ್ಲಿ ಪೂವಪ್ಪ ಹೆಂಡತಿ ಮಗಳೊಂದಿಗೆ ಕಾಲಿಟ್ಟದ್ದೇ ತಡ, ಜನ ಮುತ್ತಿಕೊಂಡರು. ಎಲ್ಲರಿಗಿಂತ ಮುಂದೆ ಹೋಟೆಲಿನ ಯಜಮಾನ ಕೊರಗಪ್ಪಣ್ಣ. ಅವನ ಮೊಮ್ಮಗಳಿಗೆ ಸೀಟು ಬೇಕಿತ್ತು.

“ಅಣ್ಣ, ಅದು ಸ್ಕೂಲಲ್ಲ. ನಮ್ಮ ಮನೆ. ಕಲಿಸುವುದು ನನ್ನ ಹೆಂಡತಿ” ಎಂದ ಪೂವಪ್ಪ, ಒಂದೊಂದು ಅಕ್ಷರ ಬಿಡಿಸಿ.

ಕೊರಗಪ್ಪಣ್ಣನ ಮುಖ ಗಂಟಾಯಿತು. “ಹೇಳ್ಲಿಕ್ಕೆ ಮನಸ್ಸಿಲ್ಲದಿದ್ರೆ ಬಿಡು ಪೂವಾ. ಸುಳ್ಳು ಯಾಕೆ ಹೇಳುವುದು?”

“ದೇವರಾಣೆ ಅಣ್ಣ!”

“ಆಣೆ ಬೇರೆ!” ಎಂದು ಕೊರಗಪ್ಪಣ್ಣ ಅವನನ್ನು ಬಿಟ್ಟು ಶ್ರೇಯಾಳ ಎದುರು ಬಗ್ಗಿದ. “ಮಕ್ಕಳು ಸುಳ್ಳು ಹೇಳುವುದಿಲ್ಲ. ಹೇಳು ಮಗಾ, ಆ ಸ್ಕೂಲಲ್ಲಿ ಇನ್ನೊಬ್ಬರಿಗೆ ಜಾಗ ಉಂಟಾ, ಇಲ್ವಾ?”

ಹಿಂದೆಲ್ಲ ಇಂಥ ಪ್ರಶ್ನೆಗೆ ಶ್ರೇಯಾ ಅಪ್ಪನ ಷರ್ಟಿನ ಹಿಂದೆ ಅವಿತುಕೊಳ್ಳುತ್ತಿದ್ದಳು. ಈಗ ಕತ್ತೆತ್ತಿ ನಿಂತಳು. ಅವಳ ಉತ್ತರ ಸಭಾಂಗಣದ ಕೊನೆಯ ಸಾಲಿಗೂ ಕೇಳಿಸಿತು.

“ಇಲ್ಲ ಅಜ್ಜಾ. ಇದ್ದ ಒಂದು ಸೀಟು ಪಪ್ಪನಿಗೆ ಕೊಟ್ಟಾಯ್ತು. ಓನ್ಲಿ ಗುರುವಾರ.”

“ಹೌದಾ! ಕಲೀತಾನಾ ಮತ್ತೆ?”

ಶ್ರೇಯಾ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಥೋಡಾ ಸ್ಲೋ ಇದ್ದಾರೆ” ಎಂದಳು. “ಬಟ್ ಕೇಳ್ತಾರೆ.”